ಬಚ್ಚಲುಮನೆಯ ಕತ್ತಲೆ

ಕನ್ನಡದಲ್ಲಿ ಫಿಲಮನ್ನು ಯಾರೂ ಸಂಸ್ಕರಿಸುವುದಿಲ್ಲ, ತೊಳೆಯುತ್ತಾರೆ. ಬೀದಿಗೊಂದು ಸ್ಟುಡಿಯೋ ಇದ್ದ ಕಾಲದಲ್ಲಿ ಮದುವೆಮನೆಯವರು ವಾರ ಕಳೆದ ಮೇಲೆ ಹೋಗಿ "ಫಿಲಂ ತೊಳೆದಾಯಿತೇ?" ಎಂದು ವಿಚಾರಿಸುತ್ತಿದ್ದರು. ಮಲ್ಲೇಶ್ವರದ ಒಂದು ಹಳೆಯ ಮನೆಯಲ್ಲಿ ಈ ಮಾತಿನಿಂದಲೇ ಮೊದಲ ಜಗಳ ಹುಟ್ಟಿತು. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿದ್ದ ಆ ಮನೆಯ ಯಜಮಾನರು ಒಂದು ಸಂಜೆ, "ಇನ್ನು ಮೇಲೆ ಫಿಲಂ ಮನೆಯಲ್ಲೇ ತೊಳೆಯುತ್ತೇನೆ" ಎಂದು ಸಾರಿದಾಗ ಮನೆಯಾಕೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಮೂವತ್ತೈದು ವರ್ಷದಲ್ಲಿ ಒಂದು ಲೋಟ ತೊಳೆದಿಟ್ಟವರಲ್ಲ ನೀವು. ಈಗ ಫಿಲಂ ತೊಳೆಯುತ್ತೀರಾ?" ಎಂದರು. ಯಜಮಾನರ ತಾಯಿ, ಎಂಬತ್ತಾರು ವರ್ಷದ ವೃದ್ಧೆ, ನಡುಮನೆಯ ಕುರ್ಚಿಯಿಂದಲೇ, "ತೊಳೀಲಿ ಬಿಡಮ್ಮ, ಕೈಗೆ ನೀರಿನ ಅಭ್ಯಾಸವಾದರೂ ಆಗುತ್ತೆ" ಎಂದು, ಸೊಸೆಯ ಪಕ್ಷವೋ ಮಗನ ಪಕ್ಷವೋ ತಿಳಿಯದಂತೆ ತೀರ್ಪು ಕೊಟ್ಟರು.

ಇಲ್ಲಿ ಫಿಲಂ ಎಂದರೆ ಡಬ್ಬಿಯೊಳಗೆ ಸುರುಳಿಯಾಗಿ ಬರುವ, ಒಂದಕ್ಕೆ 36 ಚಿತ್ರ ಹಿಡಿಯುವ ಫಿಲಮಲ್ಲ. 4 ಅಂಗುಲ ಅಗಲ, 5 ಅಂಗುಲ ಉದ್ದದ ಬಿಡಿ ಹಾಳೆ. ಅಂಚೆಯ ಕಾರ್ಡೊಂದರಷ್ಟು ದೊಡ್ಡದೆನ್ನಬಹುದು. ಗಾಜಿನ ಫಲಕಗಳ ಕಾಲದಲ್ಲಿ, 1888ರಲ್ಲಿ, ಅಮೆರಿಕದ ಜಾನ್ ಕಾರ್ಬಟ್ ಎಂಬಾತ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಬೆಳ್ಳಿಯ ಲೇಪ ಹಚ್ಚಿ ಮಾರಾಟಕ್ಕೆ ತಂದಂದಿನಿಂದ ಈ ಹಾಳೆ ಬದುಕಿಕೊಂಡು ಬಂದಿದೆ. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಮುಚ್ಚಿಹೋದ ಮೇಲೂ, ಇಂಗ್ಲೆಂಡಿನ ಇಲ್‌ಫೋರ್ಡ್ ಮೊದಲಾದ ಕಂಪನಿಗಳ ಹಾಳೆಗಳನ್ನು ತರಿಸಿಕೊಳ್ಳುವವರು ನಮ್ಮ ದೇಶದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಸುರುಳಿಯ ಒಂದು ಚಿತ್ರಕ್ಕಿಂತ ಇದರ ವಿಸ್ತಾರ ಹತ್ತು ಪಟ್ಟಿಗೂ ಮೀರಿದುದಾದ್ದರಿಂದ ಕಣ್ಣರೆಪ್ಪೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದು. ಆದರೆ ನಿಜವಾದ ವ್ಯತ್ಯಾಸ ಅದಲ್ಲ. ಸುರುಳಿಯ 36 ಚಿತ್ರಗಳೂ ಒಂದೇ ದ್ರಾವಣದಲ್ಲಿ ಒಂದೇ ಹೊತ್ತು ಮುಳುಗಿರಬೇಕು. ಬಿಸಿಲಿನದಾಗಲಿ ನೆರಳಿನದಾಗಲಿ ಎಲ್ಲಕ್ಕೂ ಒಂದೇ ಪಂಕ್ತಿಯ ಊಟ. ಬಿಡಿ ಹಾಳೆಗೆ ಹಾಗಿಲ್ಲ. ಪ್ರತಿಯೊಂದಕ್ಕೂ ಅದರದೇ ಉಪಚಾರ ಮಾಡಬಹುದು. ಮಾಡಲೂ ಬೇಕು; ಏಕೆಂದರೆ ಕೆಟ್ಟರೆ ಅದಕ್ಕೆ ಬದಲಿಲ್ಲ.

ಬಾಗಿಲು ಹಾಕಿಕೊಂಡ ಸ್ಟುಡಿಯೋ ಒಂದರಿಂದ ಯಜಮಾನರಿಗೆ ಅಗ್ಗಕ್ಕೆ ಸಿಕ್ಕಿದ್ದ ಮರದ ಕ್ಯಾಮರಾದ ಮುಂದೆ ತಾಯಿ ಕುಳಿತದ್ದು 2024ರ ಏಪ್ರಿಲಿನ ಒಂದು ಬೆಳಿಗ್ಗೆ. ಹೊಸ್ತಿಲಿನ ಹೊರಗೆ ಜಗಲಿಯ ಮೆಲುಬೆಳಕು. ಬೆನ್ನ ಹಿಂದೆ ನಡುಮನೆಯ ಕತ್ತಲೆ. ಆ ಕತ್ತಲೆಯ ಮುಂದೆ ಹತ್ತಿಯಂತೆ ಬೆಳ್ಳಗಿನ ತಲೆ, ಕಿವಿಯಲ್ಲಿ ಹಳೆಯ ವಜ್ರದ ಓಲೆ. ಮಗ ಕರಿಬಟ್ಟೆ ಹೊದ್ದು ಉಜ್ಜುಗಾಜಿನ ಮೇಲೆ ಚಿತ್ರ ಸರಿಪಡಿಸುತ್ತಿದ್ದಾಗ ಮೊಮ್ಮಗಳೂ ಬಟ್ಟೆಯೊಳಗೆ ತಲೆ ತೂರಿಸಿ, "ಅಜ್ಜೀ, ನೀನು ತಲೆಕೆಳಗಾಗಿದ್ದೀಯ!" ಎಂದು ಕಿರುಚಿದಳು. "ನನ್ನನ್ನ ತಲೆಕೆಳಗು ಮಾಡೋದಕ್ಕೆ ಇಷ್ಟು ದುಡ್ಡು ಸುರಿದೆಯೇನೋ?" ಎಂದು ಮುದುಕಿ ನಕ್ಕರು. ಒಂದು ಹೋಲ್ಡರಿಗೆ ಎರಡು ಮುಖ, ಎರಡು ಹಾಳೆ. ಅರ್ಧ ಸೆಕೆಂಡಿನಷ್ಟು ಬೆಳಕು ಬಿಡಬೇಕಾಗಿದ್ದುದರಿಂದ ಅಲ್ಲಾಡದೆ ಕೂರಲು ಹೇಳಿತ್ತು. ಮೊದಲನೆಯ ಹಾಳೆಗೆ ಆಕೆ ವಿಗ್ರಹದಂತೆ ಕುಳಿತರು. ಎರಡನೆಯದಕ್ಕೆ ಶಟರು ತೆರೆದ ಕ್ಷಣಕ್ಕೆ ಸರಿಯಾಗಿ, "ಆಯ್ತೇನೋ?" ಎಂದರು.

ಎರಡನ್ನೂ ಒಂದೇ ದಿನ ತೊಳೆಯಬಾರದೆಂಬುದು ಈ ವಿದ್ಯೆಯ ಹಳೆಯ ಕಟ್ಟಳೆ. ಒಂದನ್ನು ತೊಳೆದು ನೋಡಿ, ಅದರ ತಪ್ಪನ್ನು ಇನ್ನೊಂದರಲ್ಲಿ ತಿದ್ದಬೇಕು. ಯಜಮಾನರು ಈ ಒಂದು ಕಟ್ಟಳೆಯನ್ನು ಪಾಲಿಸಿದರು. ಉಳಿದವುಗಳ ಕಥೆ ಬೇರೆ.

ಬಚ್ಚಲುಮನೆಯನ್ನು ಕತ್ತಲೆಕೋಣೆ ಮಾಡುವುದೇ ಒಂದು ಸಂಸಾರದಷ್ಟು ಕೆಲಸ. ಸಿನಿಮಾಗಳಲ್ಲಿ ಕಾಣುವ ಕೆಂಪು ದೀಪ ಕಾಗದದ ಮೇಲೆ ಅಚ್ಚು ಹಾಕುವಾಗಿನದು. ಇಂದಿನ ಹಾಳೆ ಎಲ್ಲ ಬಣ್ಣದ ಬೆಳಕನ್ನೂ ನುಂಗುವಂಥದಾದ್ದರಿಂದ ಅದಕ್ಕೆ ಕೆಂಪೂ ಆಗದು. ಗವಾಕ್ಷಿಗೆ ಕರಿಬಟ್ಟೆ, ಬಾಗಿಲಿನ ಸಂದಿಗೆ ಕಂಬಳಿ. ಅಷ್ಟಾದ ಮೇಲೆ ದೀಪ ಆರಿಸಿ ಐದು ನಿಮಿಷ ಸುಮ್ಮನೆ ಕುಳಿತರೆ ಎಲ್ಲಿಲ್ಲದ ಬೆಳಕೆಲ್ಲ ಹೊರಬೀಳುತ್ತದೆ: ಬಟ್ಟೆ ಒಗೆಯುವ ಯಂತ್ರದ ಕಣ್ಣು, ಗೀಸರಿನ ಕೆಂಪು ಚುಕ್ಕೆ, ಬೀದಿದೀಪದ ಒಂದು ಎಳೆ. ಊರಿಗೆಲ್ಲ ವಿದ್ಯುತ್ತು ಹೋದಾಗ ಎಲ್ಲರೂ ಶಪಿಸಿದರೆ ಈ ಮನೆಯ ಯಜಮಾನರು ಮಾತ್ರ ಹಿಗ್ಗಿ ತಟ್ಟೆಗಳನ್ನು ಜೋಡಿಸಲು ಓಡುತ್ತಿದ್ದರು.

ತಟ್ಟೆಗಳು ಮೂರು. ಮೊದಲನೆಯದರಲ್ಲಿ ಡೆವಲಪರು. ಬೆಳಕು ತಾಗಿದ ಬೆಳ್ಳಿಯ ಲವಣದ ಕಣಗಳು ಕಣ್ಣಿಗೆ ಕಾಣದಷ್ಟು ಮಾತ್ರ ಬದಲಾಗಿರುತ್ತವೆ. ಡೆವಲಪರು ಅಂಥವನ್ನೇ ಹುಡುಕಿ ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಡಿ-76 ಎಂಬ ಹೆಸರಾಂತ ಪಾಕಕ್ಕೆ ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಸಾರಿಗೆ ಒಗ್ಗರಣೆ ಕೊನೆಯಲ್ಲಿ ಬೀಳುವಂತೆ ಇಲ್ಲಿಯೂ ಅನುಕ್ರಮವುಂಟು. ಸಲ್ಫೈಟನ್ನೆಲ್ಲ ಮೊದಲೇ ಸುರಿದುಬಿಟ್ಟರೆ ಮೆಟಾಲ್ ಕರಗದೆ ಹಟ ಹಿಡಿಯುತ್ತದೆ. ಎರಡನೆಯ ತಟ್ಟೆಯಲ್ಲಿ ಡೆವಲಪರಿನ ಕೆಲಸವನ್ನು ನಿಲ್ಲಿಸಲು ನೀರು ಬೆರೆಸಿದ ಬಿಳಿ ವಿನಿಗರು. ಮೂರನೆಯದರಲ್ಲಿ ಹೈಪೋ, ಬೆಳಕು ತಾಗದೆ ಉಳಿದ ಲವಣವನ್ನು ಅದು ಕರಗಿಸಿ ಹೊರಹಾಕುತ್ತದೆ. ಬೆಳ್ಳಿಯ ಲವಣಗಳನ್ನು ಕರಗಿಸುವ ಹೈಪೋದ ಈ ಗುಣವನ್ನು ಜಾನ್ ಹರ್ಷಲ್ 1819ರಷ್ಟು ಹಿಂದೆಯೇ, ಛಾಯಾಗ್ರಹಣವೇ ಹುಟ್ಟುವ ಮೊದಲು, ಕಂಡುಹಿಡಿದಿದ್ದನು. ಹೈಪೋದ ಹರಳು ನೀರಿಗೆ ಬಿದ್ದೊಡನೆ ಪಾತ್ರೆ ತಣ್ಣಗೆ ಕೊರೆಯತೊಡಗುತ್ತದೆ. ಮೊಮ್ಮಗಳಿಗೆ ಪಾತ್ರೆಯ ಹೊರಮೈ ಮುಟ್ಟಿ ನೋಡುವುದೇ ಆಟ. ಅಡಿಗೆಮನೆಯ ಒಂದು ಚಮಚವೂ ಇತ್ತ ಬರಕೂಡದೆಂದು ಮನೆಯಾಕೆ ಹಾಕಿದ ಗೆರೆ ಮಾತ್ರ ಶಾಸ್ತ್ರಸಮ್ಮತವಾದುದೇ ಆಗಿತ್ತು. ಮೆಟಾಲ್ ಹಲವರ ಚರ್ಮಕ್ಕೆ ಕಜ್ಜಿ ತರುವ ವಸ್ತು. ಕೈಗೆ ತೆಳು ರಬ್ಬರಿನ ಚೀಲ, ತಟ್ಟೆ ಅಳತೆಪಾತ್ರೆಗಳಿಗೆ ಬೇರೆ ಕಪಾಟು; ಇದರಲ್ಲಿ ರಾಜಿಯಿಲ್ಲ.

ಆ ಬೇಸಗೆಯಲ್ಲಿ ಬೆಂಗಳೂರಿಗೆ ನೀರಿನ ಬರ. ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ಹಿಂದೆ ಜನ ಬಿಂದಿಗೆ ಹಿಡಿದು ಓಡುತ್ತಿದ್ದ ದಿನಗಳು. ಟ್ಯಾಂಕರಿನ ನೀರು ಗಡಸು. ಒಣಗಿದ ಮೇಲೆ ಹಾಳೆಯ ಮೇಲೆ ಸುಣ್ಣದ ಚುಕ್ಕೆ ಉಳಿಸುತ್ತದೆ. ಹೀಗಾಗಿ ಡೆವಲಪರಿಗೂ ಕೊನೆಯ ತೊಳೆತಕ್ಕೂ ಬ್ಯಾಟರಿಗೆ ಹಾಕುವ ಶುದ್ಧಜಲದ ಡಬ್ಬಿ ತಂದದ್ದಾಯಿತು. ಆದರೆ ಶಾಖದ ವಿಷಯದಲ್ಲಿ ಯಜಮಾನರು ಉದಾರಿಯಾದರು. ಪುಸ್ತಕ ಹೇಳುವುದು 20 ಡಿಗ್ರಿ. ಅಂದು ತಟ್ಟೆಯಲ್ಲಿದ್ದುದು 24. ಸುತ್ತ ಮಂಜುಗಡ್ಡೆ ಇಟ್ಟು ತಂಪು ಮಾಡಬೇಕಿತ್ತು. ನಾಲ್ಕು ಡಿಗ್ರಿಗೆ ಏನು ಮಹಾ ಆಗಿಬಿಡುತ್ತದೆ ಎಂದುಕೊಂಡರು. ಜ್ವರ ಬಂದ ಮಗುವಿನ ವಿಷಯದಲ್ಲಿ ಯಾರೂ ಈ ಮಾತಾಡುವುದಿಲ್ಲ.

ಕತ್ತಲೆಯಲ್ಲಿ ಗಡಿಯಾರ ಕಾಣದು. ಆದ್ದರಿಂದ ತಾಯಿಯೇ ಬಚ್ಚಲುಮನೆಯ ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು, ಎದುರಿನ ಗೋಡೆಯ ಗಡಿಯಾರ ನೋಡಿ ನಿಮಿಷ ಕೂಗುವ ಹೊಣೆ ಹೊತ್ತರು. ಡೆವಲಪರಿಗೆ ಅಷ್ಟೇ ನೀರು ಬೆರೆಸಿದಾಗ ಆ ಹಾಳೆಗೆ 11 ನಿಮಿಷ ಎಂದು ಲೆಕ್ಕ. ಒಳಗೆ ಯಜಮಾನರು ಹಾಳೆಯ ಮೂಲೆಯನ್ನು ತಡವಿದರು. ಪ್ರತಿ ಹಾಳೆಯ ಅಂಚಿನಲ್ಲೂ ಸಣ್ಣ ಕಚ್ಚುಗಳಿರುತ್ತವೆ. ಹಾಳೆಯನ್ನು ನಿಲ್ಲಿಸಿ ಹಿಡಿದಾಗ ಕಚ್ಚು ಮೇಲಿನ ಬಲಮೂಲೆಗೆ ಬಂದರೆ ಲೇಪದ ಮುಖ ನಮ್ಮ ಕಡೆಗಿದೆಯೆಂದು ಅರ್ಥ. ಕುರುಡರ ಲಿಪಿಯಂತೆ ಬೆರಳಿಗೆ ಮಾತ್ರ ತಿಳಿಯುವ ಗುರುತು. ಮಿತವ್ಯಯದ ಬುದ್ಧಿಯಿಂದ ಅಂದು ತಟ್ಟೆಗೆ ಇಳಿದವು ಮೂರು ಹಾಳೆ: ತಾಯಿಯದೊಂದು, ಹಿತ್ತಿಲಿನ ತುಳಸಿಕಟ್ಟೆಯವು ಎರಡು. ಮೊದಲು ಬರಿಯ ನೀರಿನಲ್ಲಿ ಒಂದೊಂದಾಗಿ ನೆನೆಸಬೇಕು, ಇಲ್ಲವಾದರೆ ಒಂದಕ್ಕೊಂದು ಅಂಟುತ್ತವೆ. ಆಮೇಲೆ ಡೆವಲಪರಿನಲ್ಲಿ ತಳದ ಹಾಳೆಯನ್ನು ಮೆಲ್ಲನೆ ಎಳೆದು ಮೇಲಿಡುತ್ತಾ, ಮತ್ತೆ ತಳದ್ದನ್ನು ಎಳೆಯುತ್ತಾ, ಇಸ್ಪೀಟು ಕಲಸಿದಂತೆ ಕೊನೆಯವರೆಗೂ ಕಲಸುತ್ತಿರಬೇಕು.

"ಒಂದು," ಎಂದರು ತಾಯಿ. "ಎರಡು." ಐದರ ಹೊತ್ತಿಗೆ ಮೊಮ್ಮಗಳು ಬಂದು ಅದೇನೋ ಕಥೆ ತೆಗೆದಳು. "ಏಳು" ಎಂಬ ಕೂಗು ಕೇಳಿಸಿತು. ಬಹಳ ಹೊತ್ತಿನ ಮೇಲೆ ಮತ್ತೊಮ್ಮೆ "ಏಳು" ಎಂದೇ ಕೇಳಿಸಿತು. ಒಳಗಿದ್ದವರು ತಾಯಿಯ ಲೆಕ್ಕವನ್ನು ತಿದ್ದಲಿಲ್ಲ. ತಿದ್ದುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಎಂದೂ ಇದ್ದದ್ದಿಲ್ಲ.

ದೀಪ ಹಾಕಿದಾಗ ಎರಡು ಅನಾಹುತಗಳು ಒಟ್ಟಿಗೆ ಕಂಡವು. ಬೆಚ್ಚಗಿನ ದ್ರಾವಣದಲ್ಲಿ ಊದಿ ಮೆತ್ತಗಾಗಿದ್ದ ಲೇಪದ ಮೇಲೆ ತುಳಸಿಕಟ್ಟೆಯ ಹಾಳೆಯ ಮೂಲೆ ಹರಿದುಹೋಗಿ, ತಾಯಿಯ ಎಡಗೆನ್ನೆಯಿಂದ ಭುಜದವರೆಗೆ ಒಂದು ಗೀರು. ಇನ್ನೊಂದು ಕೆಡುಕು ಗೀರಿಗಿಂತ ಆಳವಾದುದು. 24 ಡಿಗ್ರಿಗೆ ಸುಮಾರು 8 ನಿಮಿಷವೇ ಸಾಕಾಗುತ್ತಿತ್ತು. ಅಂದು ನಡೆದದ್ದು 12. ಬೆಳ್ಳನೆಯ ತಲೆಗೂದಲು ನೆಗೆಟಿವಿನಲ್ಲಿ ಇದ್ದಿಲಿನಂತೆ ಕಟ್ಟಿಕೊಂಡು, ಅಚ್ಚು ಹಾಕಿದರೆ ಒಂದೂ ಎಳೆಯಿಲ್ಲದ ಸುಣ್ಣದ ಮುದ್ದೆ. ಯಜಮಾನರು ಮುಖ ಸಪ್ಪೆ ಮಾಡಿಕೊಂಡು ಹೊರಬಂದು ಗೀರನ್ನು ತೋರಿಸಿದರು. ಏಳರ ಸಂಗತಿಯನ್ನು ಎತ್ತಲಿಲ್ಲ. ತಾಯಿ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇಷ್ಟು ವರ್ಷಕ್ಕೆ ನನ್ನ ಕೂದಲು ಕಪ್ಪಗಾಯಿತಲ್ಲ, ಅದೇ ಸಾಕು. ಇನ್ನೊಂದಿದೆಯಲ್ಲೋ. ಅದನ್ನ ನಿಧಾನವಾಗಿ ತೊಳಿ" ಎಂದರು.

ಮೇ ತಿಂಗಳ ಕೊನೆಯಲ್ಲಿ ಒಂದು ರಾತ್ರಿ ಆಕೆ ನಿದ್ರೆಯಲ್ಲೇ ತೀರಿಕೊಂಡರು.

ವೈಕುಂಠ ಸಮಾರಾಧನೆಯ ದಿನ ಹಾರ ಹಾಕಲು ಭಾವಚಿತ್ರ ಬೇಕಾಯಿತು. ಯಾರದೋ ಮದುವೆಯಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ಗುಂಪಿನ ಚಿತ್ರದಿಂದ ಆಕೆಯ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿದರು. ಬಲಗಿವಿಯ ಓಲೆಯಿದ್ದ ಕಡೆ ಪಕ್ಕದವರ ಭುಜ ಬಂದಿತ್ತು, ಮುಖ ಮಬ್ಬು. ಬಂದವರೆಲ್ಲ ಕೈಮುಗಿದರು. ಮಗನೊಬ್ಬನಿಗೆ ಮಾತ್ರ, ಹೋಲ್ಡರಿನ ಕತ್ತಲೆಯಲ್ಲಿ ಕುಳಿತಿದ್ದ ಇನ್ನೊಂದು ಮುಖದ ನೆನಪು.

ಆ ಹಾಳೆಯನ್ನು ಅವರು ಮರುದಿನವೇ ತೊಳೆಯಬಹುದಿತ್ತು. ತೊಳೆಯಲಿಲ್ಲ. ಬೆಳಕು ಕಂಡ ಹಾಳೆ ತಿಂಗಳುಗಟ್ಟಲೆ ತಾಳಿಕೊಳ್ಳುತ್ತದೆ, ಆದರೆ ಶಾಖ ಅದರ ಶತ್ರು. ಕತ್ತಲೆಯಲ್ಲಿ ಅದನ್ನು ಹೋಲ್ಡರಿನಿಂದ ತೆಗೆದು, ಬೆಳಕು ಹೊಗದ ಡಬ್ಬಿಯಲ್ಲಿಟ್ಟು, ತೇವ ತಾಗದಂತೆ ಪ್ಲಾಸ್ಟಿಕ್ಕಿನ ಚೀಲದಲ್ಲಿ ಬಿಗಿದು ಫ್ರಿಜ್ಜಿನಲ್ಲಿ ಸೇರಿಸಿದರು. ಹುಳಿಪುಡಿಯ ಡಬ್ಬಿಯ ಪಕ್ಕದಲ್ಲಿ ಅದು ಐದು ತಿಂಗಳು ಇತ್ತು. ಒಂದು ದಿನ ಫ್ರಿಜ್ಜು ಒರೆಸುತ್ತಿದ್ದ ಮನೆಯಾಕೆ, "ಇದೇನು?" ಎಂದು ಕೇಳಿದರು. "ಅಮ್ಮ" ಎಂದರು ಯಜಮಾನರು. ಆಕೆ ಒರೆಸುವುದನ್ನು ನಿಲ್ಲಿಸಿ ಡಬ್ಬಿಯನ್ನು ಇದ್ದಲ್ಲೇ ಇಟ್ಟರು. ಫ್ರಿಜ್ಜಿನ ಬಾಗಿಲನ್ನು ಧಡಕ್ಕನೆ ಹಾಕುವ ಅಭ್ಯಾಸ ಆ ಮನೆಯಲ್ಲಿ ಅಂದಿಗೆ ನಿಂತಿತು.

ಐದು ತಿಂಗಳೂ ಯಜಮಾನರು ಕೈ ಕಟ್ಟಿ ಕೂರಲಿಲ್ಲ. ಕೈಯನ್ನು ಪಳಗಿಸುವ ಹಟ ಹಿಡಿದರು. ದುಬಾರಿ ಹಾಳೆಯನ್ನು ಅಭ್ಯಾಸಕ್ಕೆ ಹಾಳುಮಾಡುವಂತಿಲ್ಲವಾದ್ದರಿಂದ ವೈದ್ಯರು ಬಳಸುವ ಎಕ್ಸ್-ರೇ ಫಿಲಮನ್ನು ಕೊಂಡು ಅಳತೆಗೆ ಕತ್ತರಿಸಿದರು. ಅದರ ಬೆಲೆ ಕಡಿಮೆ. ಕೆಂಪು ಬೆಳಕಿಗೆ ಅದು ಕುರುಡಾದ್ದರಿಂದ ಮಂದವಾದ ಕೆಂಪು ದೀಪದಲ್ಲಿ ಚಿತ್ರ ಮೂಡುವುದನ್ನು ಕಣ್ಣಾರೆ ನೋಡಬಹುದು. ಆದರೆ ಎರಡು ಮುಖಕ್ಕೂ ಲೇಪವಿರುವುದರಿಂದ ತಟ್ಟೆಯ ತಳಕ್ಕೆ ತಾಗಿದರೂ ಗೀರು ಬೀಳುತ್ತದೆ. ತಳಕ್ಕೆ ನುಣುಪಾದ ಗಾಜು ಹಾಸಿದರೆ ಗೀರು ಕಡಿಮೆ. ಗೀರು ಬೀಳದೆ ಎಕ್ಸ್-ರೇ ಫಿಲಂ ತೊಳೆಯಬಲ್ಲವನ ಕೈಗೆ ಬೇರೆ ಯಾವ ಹಾಳೆಯೂ ಹೆದರಬೇಕಾಗಿಲ್ಲ.

ತಟ್ಟೆಯ ಹೊರತಾಗಿ ಬೇರೆ ಉಪಾಯಗಳೂ ಉಂಟು. ಒಂದಕ್ಕೆ ಇಂಗ್ಲಿಷರ ಪುಸ್ತಕಗಳು ಮೆಕ್ಸಿಕೋ ದೇಶದ ತಿಂಡಿಯೊಂದರ ಹೆಸರಿಟ್ಟಿವೆ. ಮಲ್ಲೇಶ್ವರದಲ್ಲಿ ಅದು ಮಸಾಲೆದೋಸೆಯಲ್ಲದೆ ಬೇರೇನಲ್ಲ. ಹಾಳೆಯನ್ನು ಲೇಪದ ಮುಖ ಒಳಗಾಗುವಂತೆ ದೋಸೆಯ ಹಾಗೆ ಬಾಗಿಸಿ, ಮಡಿಕೆ ಬೀಳದಂತೆ ನಡುವಿಗೆ ತಲೆಗೂದಲಿನ ರಬ್ಬರ್ ಬ್ಯಾಂಡ್ ಹಾಕಿ, ಸುರುಳಿ ಫಿಲಂ ತೊಳೆಯುವ ಮುಚ್ಚಳದ ಡಬ್ಬಿಯಲ್ಲಿ ನಾಲ್ಕನ್ನು ನಿಲ್ಲಿಸುವುದು. ಆಮೇಲೆ ದೀಪ ಹಾಕಿಕೊಂಡೇ ದ್ರಾವಣ ಸುರಿಯಬಹುದು, ಗಡಿಯಾರ ನೋಡಬಹುದು, ಕಾಫಿಯನ್ನೂ ಕುಡಿಯಬಹುದು. ಮೊಮ್ಮಗಳ ಜಡೆಯ ಬ್ಯಾಂಡುಗಳೆಲ್ಲ ಒಂದೊಂದಾಗಿ ಕಾಣೆಯಾದವು. ಒಮ್ಮೆ ಯಜಮಾನರು ಡಬ್ಬಿಯ ನಡುವಿನ ಕೊಳವೆಯನ್ನು ಹಾಕಲು ಮರೆತರು. ಸುರುಳಿಯಿಲ್ಲದ ಮೇಲೆ ಕೊಳವೆಯೇಕೆ ಎಂದು ತೋರುವುದು ಸಹಜ. ಆದರೆ ಮುಚ್ಚಳದ ಆಲಿಕೆಯಿಂದ ಬರುವ ಬೆಳಕನ್ನು ತಡೆಯುವುದೇ ಆ ಕೊಳವೆ. ನಾಲ್ಕು ಹಾಳೆಗಳೂ ಮಸಿಯಾಗಿ ಹೊರಬಂದವು. "ದೋಸೆ ಸೀದಿದೆ" ಎಂದರು ಮನೆಯಾಕೆ.

ನಲ್ಲಿ ಸಾಮಾನಿನ ಅಂಗಡಿಯಿಂದ ಕೊಳವೆಯ ತುಂಡು ಮತ್ತು ಮುಚ್ಚಳ ತಂದು ಹಾಳೆಯನ್ನು ಅದರೊಳಗೆ ಸುತ್ತಿ ನೀರಿನಲ್ಲಿ ಉರುಳಿಸುವ ಕ್ರಮವನ್ನೂ ಪರೀಕ್ಷಿಸಿದ್ದಾಯಿತು. ಇದಕ್ಕೆ ದ್ರಾವಣ ಬಹಳ ಕಡಿಮೆ ಸಾಕು. ಉರುಳಿಸುವ ಕೈ ನಿಂತರೆ ಮಾತ್ರ ಚಿತ್ರ ಪಟ್ಟೆಪಟ್ಟೆ. ಹಿಂದೆ ಆಸ್ಪತ್ರೆಗಳ ಎಕ್ಸ್-ರೇ ಕೋಣೆಯಲ್ಲಿದ್ದಂತೆ ಹಾಳೆಯನ್ನು ಉಕ್ಕಿನ ಚೌಕಟ್ಟಿಗೆ ಸಿಕ್ಕಿಸಿ ಆಳವಾದ ತೊಟ್ಟಿಯಲ್ಲಿ ಎತ್ತಿ ಇಳಿಸುವುದೂ ಒಳ್ಳೆಯ ಕ್ರಮವೇ. ಅದಕ್ಕೆ ಲೀಟರುಗಟ್ಟಲೆ ದ್ರಾವಣ ಬೇಕು, ದಿನವೂ ಹತ್ತಾರು ಹಾಳೆ ತೊಳೆಯುವ ಉದ್ಯೋಗವಿರಬೇಕು. ನಿವೃತ್ತರಿಗೆ ಅದು ಹೇಳಿಸಿದ್ದಲ್ಲ.

ಈ ನಡುವೆ ಓದೂ ನಡೆದಿತ್ತು. ಕ್ಯಾಲಿಫೋರ್ನಿಯದ ಎಡ್ವರ್ಡ್ ವೆಸ್ಟನ್ ಜಗತ್ಪ್ರಸಿದ್ಧನಾದ ಮೇಲೂ ತನ್ನ 8–10 ಅಂಗುಲದ ಹಾಳೆಗಳನ್ನು ಸಾಮಾನ್ಯ ತಟ್ಟೆಗಳಲ್ಲೇ, ಮಂಕಾದ ಹಸಿರು ಬೆಳಕಿನಲ್ಲಿ ಕ್ಷಣಮಾತ್ರ ಇಣುಕಿ ನೋಡುತ್ತಾ ತೊಳೆದವನು. ಯಜಮಾನರಿಗೆ ಇದಕ್ಕಿಂತ ನಿದ್ದೆಗೆಡಿಸಿದ್ದು ಆನ್ಸೆಲ್ ಆಡಮ್ಸನ ಕಥೆ. 1941ರ ನವೆಂಬರ್ 1ರ ಸಂಜೆ ಆತ ನ್ಯೂ ಮೆಕ್ಸಿಕೋದ ಹರ್ನಾಂಡೆಸ್ ಎಂಬ ಹಳ್ಳಿಯ ಪಕ್ಕದ ಹೆದ್ದಾರಿಯಲ್ಲಿ ಬರುತ್ತಿದ್ದಾಗ ಚಂದ್ರೋದಯ ಕಂಡು ಕಾರು ನಿಲ್ಲಿಸಿದನು. ಬೆಳಕು ಅಳೆಯುವ ಮೀಟರು ಕೈಗೆ ಸಿಗಲಿಲ್ಲ. ಚಂದ್ರನ ಹೊಳಪಿನ ಲೆಕ್ಕ ಬಾಯಿಪಾಠವಿದ್ದುದರಿಂದ ಅದರ ಮೇಲೆಯೇ ಒಂದು ಹಾಳೆ ತೆಗೆದನು. ಎರಡನೆಯದಕ್ಕೆ ಹೋಲ್ಡರು ತಿರುಗಿಸುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿದ್ದ ಬಿಸಿಲು ಆರಿಹೋಗಿತ್ತು. ಇದ್ದುದು ಒಂದೇ ಹಾಳೆ. ಅದನ್ನು ಆತ ತೆಳ್ಳಗಿನ ಡೆವಲಪರಿನಲ್ಲಿ ಸ್ವಲ್ಪ ಹೊತ್ತು, ಅಲುಗಾಡದ ನೀರಿನಲ್ಲಿ ಸ್ವಲ್ಪ ಹೊತ್ತು, ಹೀಗೆ ಮತ್ತೆ ಮತ್ತೆ ಅದ್ದಿ ತೊಳೆದನು. ಬೆಳ್ಳಗಿರುವೆಡೆಯಲ್ಲಿ ಲೇಪ ಹೀರಿಕೊಂಡ ಡೆವಲಪರು ಬೇಗ ಸೋತು ನಿಲ್ಲುತ್ತದೆ, ನೆರಳಿನೆಡೆಯಲ್ಲಿ ಇನ್ನೂ ದುಡಿಯುತ್ತಿರುತ್ತದೆ. ಹೀಗಾಗಿ ಎರಡೂ ಉಳಿಯುತ್ತವೆ. ಕತ್ತಲೆಯ ನಡುಮನೆಯ ಮುಂದೆ ಬೆಳ್ಳಿತಲೆ ಕುಳಿತಿದ್ದ ಚಿತ್ರಕ್ಕೂ ಇದೇ ಸಮಸ್ಯೆಯಲ್ಲವೆ? ಆದರೆ ಇಂದಿನ ಹಾಳೆಗಳ ಲೇಪ ತೆಳು. ಈ ಉಪಾಯ ಅವುಗಳಲ್ಲಿ ಹಿಂದಿನಷ್ಟು ಫಲಿಸದು. ಎಕ್ಸ್-ರೇ ತುಂಡುಗಳಾದ ಮೇಲೆ ಯಜಮಾನರು ನಾಲ್ಕೈದು ನಿಜವಾದ ಹಾಳೆಗಳಲ್ಲೇ ಅದೇ ಬಾಗಿಲನ್ನು, ಕುರ್ಚಿಯ ಮೇಲೆ ಬಿಳಿ ಪಂಚೆ ಹರವಿ, ತೆಗೆದು ತೊಳೆದು ನೋಡಿದರು. 20 ಡಿಗ್ರಿಯಲ್ಲಿ 9 ನಿಮಿಷಕ್ಕೆ ನಿಲ್ಲಿಸಿದರೆ ಪಂಚೆಯ ನೇಯ್ಗೆ ಎಳೆಎಳೆಯಾಗಿ ಉಳಿಯಿತು. ನೆರಳಿನ ಪಾಲು ಬೆಳಕು ಬಿಟ್ಟಂದೇ ಬಹುಪಾಲು ತೀರ್ಮಾನವಾಗಿರುತ್ತದೆ; ಬಿಳುಪಿನ ಪಾಲು ತೊಳೆಯುವವನ ಕೈಯಲ್ಲಿರುತ್ತದೆ.

ಕಾರ್ತಿಕದ ಒಂದು ರಾತ್ರಿ, ದೀಪಾವಳಿಯ ಪಟಾಕಿಯ ಸದ್ದೆಲ್ಲ ಅಡಗಿದ ಮೇಲೆ, ಡಬ್ಬಿ ಫ್ರಿಜ್ಜಿನಿಂದ ಹೊರಗೆ ಬಂತು. ತಣ್ಣಗಿದ್ದಂತೆಯೇ ತೆರೆದರೆ ಹಾಳೆಯ ಮೇಲೆ ಹನಿ ಕಟ್ಟುತ್ತದೆಯಾದ್ದರಿಂದ ಸಂಜೆಯಿಂದಲೇ ಅದನ್ನು ಮೇಜಿನ ಮೇಲಿಟ್ಟಿದ್ದರು. ದೋಸೆಯೂ ಬೇಡ, ಕೊಳವೆಯೂ ಬೇಡವೆಂದು ನಿಶ್ಚಯವಾಗಿತ್ತು. ಒಂದೇ ಹಾಳೆ, ಒಂದೇ ತಟ್ಟೆ. ಗೀರುವುದಕ್ಕೆ ಇನ್ನೊಂದರ ಮೂಲೆಯೇ ಇರಬಾರದು. ದ್ರಾವಣ 22 ಡಿಗ್ರಿ ಇತ್ತು. ಸುತ್ತಲಿನ ಬೋಗುಣಿಯ ನೀರಿಗೆ ಮಂಜುಗಡ್ಡೆ ಹಾಕಿ 20ಕ್ಕೆ ಇಳಿಸಿದರು.

ದೀಪ ಆರಿಸುವ ಮೊದಲು ಹೊರಗೆ ಕುರ್ಚಿ ಎಳೆದ ಸದ್ದಾಯಿತು. ಈ ಬಾರಿ ಯಾರನ್ನೂ ಕೂಗಲು ಕೇಳಿಕೊಂಡಿರಲಿಲ್ಲ; ಅಭ್ಯಾಸದ ದಿನಗಳಲ್ಲೆಲ್ಲ ಮೊಬೈಲಿನ ಗಂಟೆ ಇತ್ತು. "ನಾನು ಇಲ್ಲಿದ್ದೀನಿ. ಎಷ್ಟು ನಿಮಿಷ ಹೇಳಿ," ಎಂದರು ಮನೆಯಾಕೆ.

"ಒಂಬತ್ತು."

ನೀರಿನಲ್ಲಿ ನೆನೆದ ಹಾಳೆ ಡೆವಲಪರಿಗೆ ಇಳಿಯಿತು. ತಟ್ಟೆಯ ಎಡ ಅಂಚನ್ನು ಎತ್ತಿ ಇಳಿಸುವುದು, ಬಲ ಅಂಚು, ಈಚಿನ ಅಂಚು, ಮತ್ತೆ ಎಡ. ಒಂದೇ ಕಡೆಗೆ ಅಲೆ ಹರಿದರೆ ಚಿತ್ರದಲ್ಲಿ ಅದರ ಗುರುತು ಉಳಿಯುತ್ತದೆ. ಕತ್ತಲೆಯಲ್ಲಿ ದ್ರಾವಣದ ಸಣ್ಣ ಸದ್ದೊಂದೇ. "ಮೂರು." "ನಾಲ್ಕು." ಆರು ಕಳೆಯಿತು. ಯಜಮಾನರ ಕೈಗಳು ತಮ್ಮಷ್ಟಕ್ಕೆ ತಟ್ಟೆಯನ್ನು ತೂಗುತ್ತಿದ್ದವು. ಕಿವಿ ಮಾತ್ರ ಬಾಗಿಲಲ್ಲಿತ್ತು. "ಏಳು" ಎಂಬ ದನಿ ಬಂತು. ಆಮೇಲೆ ಒಂದು ನಿಮಿಷ, ಆ ರಾತ್ರಿಯ ಎಲ್ಲ ನಿಮಿಷಗಳಿಗಿಂತ ಉದ್ದವಾದ ಒಂದು ನಿಮಿಷ. "ಎಂಟು" ಎಂದರು ಮನೆಯಾಕೆ. ಆಕೆಯ ಗಂಟಲು ಕಟ್ಟಿತ್ತು. ಅಂದು ಏಳು ಎರಡು ಸಲ ಬಂದುದು ಆಕೆಗೂ ಅಡಿಗೆಮನೆಯಿಂದ ಕೇಳಿಸಿತ್ತೆಂಬುದು ಯಜಮಾನರಿಗೆ ಆಗ ತಿಳಿಯಿತು.

ಒಂಬತ್ತಕ್ಕೆ ಸರಿಯಾಗಿ ವಿನಿಗರಿನ ನೀರು, ಅನಂತರ ಹೈಪೋ. ಹಾಳೆಯ ಮೇಲಿನ ಹಾಲಿನಂಥ ಮಬ್ಬು ಹರಿಯಲು ತಗಲುವ ಹೊತ್ತಿನ ಎರಡರಷ್ಟು ಹೈಪೋದಲ್ಲಿರಬೇಕೆಂಬುದು ನಿಯಮ. ದೀಪ ಹಾಕಲು ಅವಸರಪಡದೆ ಅವರು ಕತ್ತಲೆಯಲ್ಲೇ ಕುಳಿತರು. ಹೊರಗೂ ಕುರ್ಚಿ ಅಲುಗಲಿಲ್ಲ.

ದೀಪ ಬೆಳಗಿತು. ಗೀರಿಲ್ಲ, ಪಟ್ಟೆಯಿಲ್ಲ. ನೆಗೆಟಿವಿನಲ್ಲಿ ಕಪ್ಪಾಗಿ ಕಾಣುವ ತಲೆಗೂದಲಿನ ನಡುವೆ ಬೈತಲೆಯ ಗೆರೆ, ಕಿವಿಯ ಹಿಂದೆ ತಪ್ಪಿಸಿಕೊಂಡ ನಾಲ್ಕು ಎಳೆ, ಓಲೆಯ ಏಳೂ ಹರಳು. ಬೆನ್ನ ಹಿಂದಿನ ಕತ್ತಲೆಯಲ್ಲಿ ಗೋಡೆಯ ಗಡಿಯಾರದ ಅಂಚು ಕೂಡ ತೆಳ್ಳಗೆ ಬಂದಿತ್ತು. ತುಟಿ ಮಾತ್ರ ಅಲುಗಿತ್ತು. ಅರ್ಧ ಸೆಕೆಂಡಿನಲ್ಲಿ ಒಂದು ಮಾತು ಆರಂಭವಾಗಿ ಮುಗಿದಷ್ಟು ಜಾಗ ಅಲ್ಲಿ ಮಂಜಾಗಿತ್ತು. ಬೇರೆಯವರ ಚಿತ್ರವಾಗಿದ್ದರೆ ಯಜಮಾನರು ಅದನ್ನು ಕೆಟ್ಟುಹೋಯಿತೆಂದೇ ಲೆಕ್ಕಕ್ಕೆ ಬರೆಯುತ್ತಿದ್ದರು.

ಮನೆಯಾಕೆ ಒಳಗೆ ಬಂದು, ಒದ್ದೆ ನೆಲದ ಮೇಲೆ ಸೆರಗು ಎತ್ತಿ ಹಿಡಿದು ನಿಂತು, ದೀಪಕ್ಕೆ ಅಡ್ಡವಾಗಿ ಹಿಡಿದ ಹಾಳೆಯನ್ನು ಬಹಳ ಹೊತ್ತು ನೋಡಿದರು. ನೆಗೆಟಿವನ್ನು ಓದುವ ವಿದ್ಯೆ ಆಕೆಗೆ ಬಾರದು.

"ಏನೋ ಹೇಳುತ್ತಿದ್ದಾರೆ," ಎಂದರು.

"ಆಯ್ತೇನೋ ಅಂತ."

ಹಾಳೆಯನ್ನು ಇನ್ನೂ ಅರ್ಧ ಗಂಟೆ ನೀರು ಬದಲಿಸುತ್ತಾ ತೊಳೆಯಬೇಕಾಗಿತ್ತು. ಕೊನೆಯದಾಗಿ ಶುದ್ಧಜಲದಲ್ಲಿ ಅದ್ದಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಒಂದೇ ಮೂಲೆ ಹಿಡಿದು ಬಚ್ಚಲುಮನೆಯ ದಾರಕ್ಕೆ ತೂಗುಹಾಕಿದರು. ಧೂಳು ಏಳಬಾರದೆಂದು ಬಾಗಿಲು ಮುಚ್ಚಿತು. ಬೆಳಿಗ್ಗೆ ಮೊಮ್ಮಗಳು ಹಲ್ಲುಜ್ಜಲು ಹೋದಾಗ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಇನ್ನೂ ಅಲ್ಲೇ ಇತ್ತು. "ಹಿತ್ತಿಲ ನಲ್ಲಿಗೆ ಹೋಗಮ್ಮ," ಎಂದರು ಮನೆಯಾಕೆ, "ಒಳಗೆ ಅಜ್ಜಿ ಒಣಗುತ್ತಿದ್ದಾರೆ."